ಮುಕಿಮೊದ ಬೋಗುಣಿ

ನಮ್ಮ ಮನೆಯಲ್ಲಿ ಎಲ್ಲರಿಗೂ ಎರಡೆರಡು ಹೆಸರಿದ್ದವು. ಒಂದು ಬಾಯಿಂದ ಕರೆಯುವುದು, ಇನ್ನೊಂದು ಕೈಯಿಂದ. ಕೈಯ ಹೆಸರುಗಳನ್ನು ಇಟ್ಟವಳು ನೀಲವ್ವತ್ತೆ, ನನ್ನ ಅಪ್ಪನ ತಂಗಿ. ಅಪ್ಪ ಹೋಟಗಿ ಜಂಕ್ಷನ್ನಿನಲ್ಲಿ ಗಾಡಿಗಳಿಗೆ ಬಾವುಟ ತೋರಿಸುವ ಕೆಲಸ ಮಾಡುತ್ತಿದ್ದ, ಹಾಗಾಗಿ ಮುಷ್ಟಿ ಕಟ್ಟಿ ಆಚೆ ಈಚೆ ಬೀಸಿದರೆ ಅದು ಅಪ್ಪ. ಹಣೆಯ ನಡುವೆ ಹೆಬ್ಬೆರಳು ಒತ್ತಿದರೆ ಅವ್ವ, ಅವಳ ಕುಂಕುಮ ಅಷ್ಟು ದೊಡ್ಡದಿತ್ತು. ಮೂಗು ಒರೆಸಿಕೊಂಡಂತೆ ಮಾಡಿದರೆ ತಮ್ಮ ಈರಣ್ಣ. ಗದ್ದ ಮುಟ್ಟಿದರೆ ನಾನು, ಮೆಟ್ಟಿಲಿನಿಂದ ಉರುಳಿ ಗದ್ದ ಒಡೆದುಕೊಂಡ ಗುರುತು ಇನ್ನೂ ಇದೆ. ಅತ್ತೆ ತನಗೆ ಮಾತ್ರ ಕೈಯ ಹೆಸರು ಇಟ್ಟುಕೊಳ್ಳಲಿಲ್ಲ. ಬೇಕಾದಾಗ ಎದೆಯ ಮೇಲೆ ಅಂಗೈ ಬಡಿದುಕೊಳ್ಳುತ್ತಿದ್ದಳು, ಅಷ್ಟೇ. ಬಾಯಿಂದ ಕರೆಯುವ ಅವಳ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಇತ್ತು. ಓಣಿಯವರು ಅವಳನ್ನು ಮೂಕಿ ಅನ್ನುತ್ತಿದ್ದರು. ನಾವೂ ಅನ್ನುತ್ತಿದ್ದೆವು. ಅವಳಿಗೆ ಕೇಳಿಸುವುದಿಲ್ಲವಲ್ಲ ಅನ್ನುವುದು ನಮ್ಮ ಸಮಾಧಾನ.

ನಾಗಣಸೂರಿನಲ್ಲಿ ಅವಳು ನಾಲ್ಕೋ ಐದೋ ವರ್ಷದವಳಿದ್ದಾಗ ಜ್ವರ ಬಂದು, ಜ್ವರ ಇಳಿದ ಮೇಲೆ ಕಿವಿ ಹೋಯಿತಂತೆ. ಕಿವಿಯ ಹಿಂದೆಯೇ ಮಾತೂ ಒಂದೊಂದಾಗಿ ಹೋಯಿತು. ಅವ್ವಾ ಅನ್ನುವ ಒಂದು ಶಬ್ದ ಉಳಿದಿತ್ತು, ಅದೂ ಸಂತೋಷವಾದಾಗ ಮಾತ್ರ ಬರುತ್ತಿತ್ತು. ಅಪ್ಪ ಸೊಲ್ಲಾಪುರದಲ್ಲಿ ಮನೆ ಮಾಡಿದಾಗ ಅವಳನ್ನೂ ಕರೆದುಕೊಂಡು ಬಂದ. ಕೆಳಗೆ ಎರಡು ಖೋಲಿ, ಮೇಲೆ ತಗಡಿನ ಒಂದು ಖೋಲಿ, ಹಿಂದೆ ಕಲ್ಲುಹಾಸಿನ ಬಚ್ಚಲು. ಗೋಡೆಗೆ ಗೋಡೆ ಹತ್ತಿ ಚಾದರ ನೇಯುವ ಕಾರಖಾನೆ. ಮಗ್ಗಗಳ ಸದ್ದಿಗೆ ಹೊಸದಾಗಿ ಬಂದವರು ತಲೆ ಹಿಡಿದುಕೊಂಡು ಕೂರುತ್ತಿದ್ದರು. ಅತ್ತೆಗೆ ಮಾತ್ರ ಆ ಗೋಡೆ ಗಡಿಯಾರವಾಗಿತ್ತು. ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯನ್ನೇ ಗೋಡೆಗೆ ಹಚ್ಚಿ, ನಡುಕ ನಿಂತಿದ್ದರೆ ಪಾಳಿ ಬಿಟ್ಟಿತು, ಅಣ್ಣ ಪ್ಯಾಸೆಂಜರಿಗೆ ಬರುವ ಹೊತ್ತಾಯಿತು ಎಂದು ತಿಳಿದು ಒಲೆಯ ಮೇಲೆ ಬ್ಯಾಳಿ ಇಡುತ್ತಿದ್ದಳು. ಆ ಗೋಡೆಯ ಮೇಲೆ ಅವಳ ಅಂಗೈ ಎತ್ತರಕ್ಕೆ ಒಂದು ಬಿಳಿ ಕಲೆ ಬಿದ್ದಿತ್ತು. ಪ್ರತಿ ದೀಪಾವಳಿಗೆ ಸುಣ್ಣ ಬಳಿದರೂ ತಿಂಗಳೊಳಗೆ ಅದು ಮತ್ತೆ ಮೂಡುತ್ತಿತ್ತು.

ನಮಗೆ ಗೊತ್ತಿಲ್ಲದಿದ್ದದ್ದು, ಅಥವಾ ಗೊತ್ತಿದ್ದೂ ನೋಡದಿದ್ದದ್ದು ಏನೆಂದರೆ, ಅವಳಿಗೆ ತುಟಿ ಓದಲು ಬರುತ್ತಿತ್ತು. ಎಲ್ಲ ಮಾತೂ ಅಲ್ಲ. ನೀರು, ರೊಟ್ಟಿ, ಬಾ, ಹೋಗು ಇಂಥವು. ಎಲ್ಲಕ್ಕಿಂತ ಚೆನ್ನಾಗಿ ಗೊತ್ತಿದ್ದದ್ದು ಒಂದು ಮಾತು. ತುಟಿ ಮೊದಲು ಮುಂದಕ್ಕೆ ಚೂಪಾಗಿ, ಆಮೇಲೆ ಹಲ್ಲು ಕಾಣುವಂತೆ ಅಗಲವಾದರೆ ಅದು ತಾನು. ನಳದ ಹತ್ತಿರ ಕೊಡ ಹಿಡಿದು ನಿಂತಾಗ ಎದುರು ಮನೆಯ ಸುಗಲಾಬಾಯಿ ದೂರದಿಂದ ಹಾಗೆ ತುಟಿ ಮಾಡಿದರೆ ಅತ್ತೆ ಕೊಡದ ಬಾಯಿ ನೋಡುತ್ತಾ ನಿಂತುಬಿಡುತ್ತಿದ್ದಳು. ನಾನು ಅದನ್ನು ಎಷ್ಟೋ ಸಲ ಕಂಡಿದ್ದೇನೆ. ಕೊಡ ತುಂಬುವುದನ್ನು ನೋಡುತ್ತಿದ್ದಾಳೆ ಅಂದುಕೊಂಡಿದ್ದೆ.

ನನಗೆ ಹತ್ತು ದಾಟಿ ಹನ್ನೊಂದು ನಡೆಯುವಾಗ ಮೇಲಿನ ಖೋಲಿಗೆ ಕಮಾವು ಬಂದ. ಕೀನ್ಯಾ ದೇಶದವನು, ಊರಿನ ಕಾಲೇಜೊಂದರಲ್ಲಿ ಓದಲು ಬಂದಿದ್ದ. ಸೊಲ್ಲಾಪುರ ಬಂತೆಂದು ತಿಳಿದು ಹೋಟಗಿಯಲ್ಲೇ ಇಳಿದುಬಿಟ್ಟಿದ್ದನಂತೆ. ಗಾಡಿ ಹೋದ ಮೇಲೆ ಕಬ್ಬಿಣದ ಟ್ರಂಕಿನ ಮೇಲೆ ಕೂತು ಹಳಿ ನೋಡುತ್ತಿದ್ದವನನ್ನು ಅಪ್ಪ ಮುಂದಿನ ಪ್ಯಾಸೆಂಜರಿಗೆ ಹತ್ತಿಸಿಕೊಂಡು ಬಂದ. ಊರಲ್ಲಿ ಅವನಿಗೆ ಯಾರೂ ಖೋಲಿ ಕೊಡಲಿಲ್ಲ. ಮೂರು ಓಣಿ ತಿರುಗಿದ ಮೇಲೆ ಅಪ್ಪನೇ ನಮ್ಮ ತಗಡಿನ ಖೋಲಿಯ ಬೀಗ ತೆಗೆದ. ಅವ್ವ ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಕಮಾವು ಅಡಿಗೆಮನೆಯ ಹೊಸ್ತಿಲಾಚೆ ನಿಂತು, ತಲೆ ತಗ್ಗಿಸಿ, ಬಹಳ ಮರ್ಯಾದೆಯಿಂದ ಅವಳನ್ನು ಕರೆದ.

"ಮಾಮಾ, ನೀರು."

ಅವರ ಕಡೆ ತಾಯಿಗೆ ಹಾಗೆ ಅನ್ನುತ್ತಾರೆಂದು ನಮಗೇನು ಗೊತ್ತು. ಈರಣ್ಣ ನೆಲಕ್ಕೆ ಬಿದ್ದು ಹೊರಳಾಡಿ ನಕ್ಕ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಮೀಸಿ ಒಂದ ಕಮ್ಮಿ ಆಗಿತ್ತ ನನಗ! ನೋಡ್ರಿ, ನಿಮ್ಮ ಬಾಡಿಗಿಯಂವ ನನ್ನ ಮಾಮಾ ಮಾಡಿದಾ."

"ಸೋದರಮಾವ ಆದಿ ಅಂದ್ರ ಇನ್ನ ಅವನ ಲಗ್ನದಾಗ ನೀನ ಮುಂದ ನಿಂದರಬೇಕು," ಎಂದ ಅಪ್ಪ.

ಅಂದಿನಿಂದ ಅವ್ವನ ಸಿಟ್ಟು ಹೋಯಿತು. ಅತ್ತೆ ಅವನಿಗೂ ಕೈಯ ಹೆಸರು ಇಟ್ಟಳು. ಬೆರಳಿನಿಂದ ತಲೆಯ ಮೇಲೆ ಸಣ್ಣ ಸಣ್ಣ ಸುರುಳಿ ಬರೆದು ಮೇಲಕ್ಕೆ ತೋರಿಸಿದರೆ ಕಮಾವು. ಅವನೂ ಅವಳ ಕೈಭಾಷೆಯನ್ನು ನಮ್ಮ ಕನ್ನಡಕ್ಕಿಂತ ಬೇಗ ಕಲಿತ. ಒಂದು ಸಂಜೆ ನಾನು ಮೆಟ್ಟಿಲ ಮೇಲೆ ಕೂತು ಮಗ್ಗಿ ಬರೆಯುತ್ತಿದ್ದೆ. ಅತ್ತೆ ಬಚ್ಚಲ ಹತ್ತಿರ ಪಾತ್ರೆ ತಿಕ್ಕುತ್ತಿದ್ದಳು. ಕಮಾವು ಮೇಲಿನಿಂದ ಇಳಿಯುತ್ತಾ ಅವಳ ಕಡೆ ತೋರಿಸಿ ಹರಕು ಹಿಂದಿಯಲ್ಲಿ ಕೇಳಿದ, ಇವರ ಹೆಸರೇನು ಎಂದು. ನಾನು ತಲೆ ಎತ್ತದೆ ಹೇಳಿದೆ.

"ಮೂಕಿ."

ಅವನು ಇನ್ನೊಮ್ಮೆ ಕೇಳಿದ. ನಾನು ತಲೆ ಎತ್ತಿ ಇನ್ನೊಮ್ಮೆ, ಬಿಡಿಸಿ ಹೇಳಿದೆ. ಅವನು ಜೋರಾಗಿ ನಕ್ಕ. ತನ್ನ ಭಾಷೆಯಲ್ಲಿ ಏನೋ ಹೇಳಿ ಹೊಟ್ಟೆ ತಟ್ಟಿಕೊಂಡ. ಅತ್ತೆಯನ್ನು ನೋಡಿ ನಗುತ್ತಿದ್ದಾನೆ ಎಂದುಕೊಂಡು ನಾನೂ ನಕ್ಕೆ. ಆ ದಿನ ಅತ್ತೆ ನನ್ನ ಜಡೆ ಹಾಕುವಾಗ ಕೂದಲು ಬಹಳ ಬಿಗಿ ಎಳೆದಳು, ಕಣ್ಣಲ್ಲಿ ನೀರು ಬಂತು. ನೋವಾಯಿತೆಂದು ಅಳುತ್ತಾ ಕೂತೆನೇ ಹೊರತು ಬೇರೇನೂ ಯೋಚಿಸಲಿಲ್ಲ.

ಎಳ್ಳ ಅಮಾವಾಸ್ಯೆಗೆ ನಾವೆಲ್ಲ ನಾಗಣಸೂರಿಗೆ ಹೋಗುತ್ತಿದ್ದೆವು. ಅಂದು ನಮ್ಮ ಕಡೆ ಹೊಲಕ್ಕೆ ಉಣಿಸುವ ಹಬ್ಬ. ಹಸಿ ತೊಗರಿಕಾಳು, ಅವರೆ, ಕಡಲೆ, ಮೆಂತ್ಯ, ಗಜ್ಜರಿ, ಕೈಗೆ ಸಿಕ್ಕ ಎಲ್ಲ ಸೊಪ್ಪು, ಎಲ್ಲ ಕಾಳು ಒಂದೇ ಪಾತ್ರೆಯಲ್ಲಿ ಬೇಯಿಸಿ, ಹುಣಸೆಹುಳಿ, ಕಡಲೆಹಿಟ್ಟು ಹಾಕಿ ಒತ್ತಿ ಒತ್ತಿ ಮಸೆದು ಮಾಡುವ ಭಜ್ಜಿ ಇಲ್ಲದೆ ಆ ಹಬ್ಬವಿಲ್ಲ. ನಮ್ಮ ಮನೆಯ ಭಜ್ಜಿ ಮಸೆಯುವುದು ಯಾವಾಗಲೂ ಅತ್ತೆಯೇ. ಕಾಳು ಎಷ್ಟು ಒಡೆಯಬೇಕು, ಎಷ್ಟು ಉಳಿಯಬೇಕು ಅನ್ನುವುದು ಅವಳ ಕೈಗೆ ಗೊತ್ತಿತ್ತು. ಆ ವರ್ಷ ಕಮಾವುಗೆ ಪರೀಕ್ಷೆ ಇತ್ತು, ಬರಲಿಲ್ಲ. ಮರುದಿನ ನಾವು ಬುತ್ತಿ ಕಟ್ಟಿಕೊಂಡು ಬಂದೆವು. ಅತ್ತೆ ಭಜ್ಜಿ ಬಿಸಿ ಮಾಡಿ, ಎರಡು ಸಜ್ಜಿ ರೊಟ್ಟಿ ಹಚ್ಚಿ, ಪಡಸಾಲೆಯಲ್ಲಿ ಅವನ ಮುಂದೆ ಗಂಗಾಳ ಇಟ್ಟು, ಉಣ್ಣುವುದನ್ನು ನೋಡಲು ಎದುರಿಗೆ ಕೂತಳು. ಅವನು ಗಂಗಾಳ ನೋಡಿದ. ಬಗ್ಗಿ ವಾಸನೆ ನೋಡಿದ. ಆಮೇಲೆ ಅತ್ತೆಯ ಮುಖ ನೋಡಿ, ಕಣ್ಣರಳಿಸಿ, ಕೂಗಿದ.

"ಮುಕಿಮೊ! ಮುಕಿಮೊ!"

ಅತ್ತೆಯ ಕಣ್ಣು ಅವನ ತುಟಿಯ ಮೇಲೇ ಇತ್ತು. ತುಟಿ ಮುಂದಕ್ಕೆ ಹೋಯಿತು, ಅಗಲವಾಯಿತು. ಮತ್ತೆ ಹೋಯಿತು, ಅಗಲವಾಯಿತು. ಅವಳ ಮುಖದಿಂದ ಏನೋ ಇಳಿದುಹೋದದ್ದು ನನಗೆ ಇವತ್ತಿಗೂ ಕಾಣುತ್ತದೆ. ಅವಳು ಎದ್ದಳು. ಬಗ್ಗಿ, ಉಣ್ಣಲು ಕೂತವನ ಮುಂದಿನ ಗಂಗಾಳವನ್ನು ಎತ್ತಿಕೊಂಡಳು. ನಮ್ಮ ಮನೆಯಲ್ಲಿ ಅದಕ್ಕೂ ಮೊದಲು, ಆಮೇಲೆ, ಯಾರೂ ಹಾಗೆ ಮಾಡಿದ್ದಿಲ್ಲ. ಗಂಗಾಳ ಹಿಡಿದುಕೊಂಡೇ ಬಚ್ಚಲಿಗೆ ಹೋಗಿ ಬೆನ್ನು ತಿರುಗಿಸಿ ನಿಂತಳು. ಅವ್ವ ಅಡಿಗೆಮನೆಯಿಂದ ಬಂದಳು.

"ಏನಂದಿ ಅಕಿಗೆ? ಉಣ್ಣಾಕ ನೀಡಿದಕಿಗೆ ಮೂಕಿ ಅಂತಿಯೇನೋ?"

"ನೋ, ಮಾಮಾ, ಖಾನಾ! ಖಾನಾ ಮುಕಿಮೊ!"

"ಮತ್ತ ಅದನ್ನ ಅಂತಾನ ನೋಡು! ಓಣಿಯವರು ಅನ್ನೂದು ಸಾಲದಂತ ಸಮುದ್ರದಾಚಿಂದ ಒಬ್ಬಂವ ಬಂದಾನ ಅನ್ನಾಕ."

ಅವನು ಕೈ ಮುಗಿದ, ಇಂಗ್ಲಿಷಿನಲ್ಲಿ ಏನೇನೋ ಹೇಳಿದ. ಅಪ್ಪನಿಗೆ ಬರುತ್ತಿದ್ದದ್ದು ರೈಲ್ವೆಯ ಇಂಗ್ಲಿಷು. ಸಂಜೆ ಮನೆಗೆ ಬಂದವನು ಮೇಲೆ ಹೋಗಿ ಬಹಳ ಹೊತ್ತು ಕೂತು, ಇಳಿದು ಬಂದು ಹೇಳಿದ.

"ಅವರ ಕಡೆ ಒಂದು ಅಡಿಗಿ ಹೆಸರಂತ ಅದು. ಅವರವ್ವ ಮಾಡ್ತಾಳಂತ."

"ಅಡಿಗಿಗೆ ಯಾರರ ಮೂಕಿ ಅಂತ ಹೆಸರಿಡ್ತಾರೇನ್ರಿ? ನೀವೂ ನಂಬಿದ್ರಿ?"

"ನನಗರ ಏನ ಗೊತ್ತು. ಹಂಗಂತಾನ."

"ಆ ಮಾತು ಅವಗ ಕಲಿಸಿದವರು ಯಾರು? ತಾನಾಗಿ ಕಲಿತನೇನು?" ಅವ್ವ ನಮ್ಮಿಬ್ಬರ ಕಡೆ ತಿರುಗಿದಳು. "ಸುವರ್ಣಾ, ನೀ ಏನರ ಹೇಳಿದಿ?"

ನಾನು ಇಲ್ಲ ಅಂದೆ.

ನಾನೇ ಕಲಿಸಿದ್ದು, ಅದಕ್ಕೇ ಅವನು ಅಂದದ್ದು ಎಂದು ನನಗೆ ಆಗ ಖಾತ್ರಿ ಇತ್ತು. ಹೇಳಿದರೆ ಅವನ ಮೇಲಿನ ತಪ್ಪು ಹೋಗುತ್ತಿತ್ತು. ಹೇಳಲಿಲ್ಲ. ಅತ್ತೆ ಒಲೆಯ ಮುಂದೆ ಕೂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಖೋಲಿ ಬಿಡಿಸಬೇಕು ಎಂದು ಅವ್ವ, ನೋಡೋಣ ಎಂದು ಅಪ್ಪ. ನಾಲ್ಕು ದಿನ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕಮಾವು ಮೆಟ್ಟಿಲಿಳಿಯುವಾಗ ಅತ್ತೆ ಎದ್ದು ಒಳಗೆ ಹೋಗುತ್ತಿದ್ದಳು. ಅವನು ನಿಂತು, ತಲೆಯ ಮೇಲೆ ಸುರುಳಿ ಬರೆದು ತನ್ನ ಹೆಸರು ಹೇಳಿಕೊಳ್ಳುತ್ತಿದ್ದ. ಅವಳು ತಿರುಗಿ ನೋಡುತ್ತಿರಲಿಲ್ಲ.

ರವಿವಾರ ಬೆಳಿಗ್ಗೆ ಅವನು ಎರಡು ಚೀಲ ಹಿಡಿದು ಅಡಿಗೆಮನೆಯ ಹೊಸ್ತಿಲಿಗೆ ಬಂದು ಕೂತ. ಅಪ್ಪನಿಗೆ ರಜೆ ಇತ್ತು. ಚೀಲದಿಂದ ಒಂದೊಂದಾಗಿ ತೆಗೆದಿಟ್ಟ. ಹಾಲುಗಾಳಿನ ಗೋವಿನಜೋಳದ ತೆನೆ, ಹಸಿ ವಟಾಣಿ, ಬಟಾಟೆ, ನಾಲ್ಕು ಉಳ್ಳಾಗಡ್ಡಿ. ಕೊನೆಗೆ ಒಂದು ದೊಡ್ಡ ಹೊರೆ ಕುಂಬಳದ ಎಲೆ, ಬಳ್ಳಿ ಸಮೇತ. ಸಂತೆಯಲ್ಲಿ ಕಂದಲಗಾಂವದ ಹೆಣ್ಣುಮಗಳಿಗೆ ಹೇಳಿ ತರಿಸಿದ್ದನಂತೆ. ದನಕ್ಕೋ ಎಂದು ಅವಳು ಕೇಳಿದ್ದಳಂತೆ.

"ಒಂದು ಸಲ ಮಾಡಿ ತೋರಸ್ತೀನಂತಾನ. ಮಾಡಲಿ ಬಿಡು," ಎಂದ ಅಪ್ಪ. "ಆಮ್ಯಾಲ ಬೇಕಾದ್ರ ಹೋಗಂತ ಹೇಳೂಣು."

ಅವ್ವ ಒಲೆಯ ಮುಂದಿನಿಂದ ಎದ್ದು ಗೋಡೆಗೆ ಒರಗಿ ಕೂತಳು. ಅತ್ತೆ ದೂರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಮಾವು ತೆನೆ ಬಿಡಿಸಿದ. ಕಾಳನ್ನು ನಮ್ಮ ದೊಡ್ಡ ಹಿತ್ತಾಳೆ ಬೋಗುಣಿಗೆ ಹಾಕಿ ಕುದಿಯಲು ಇಟ್ಟು, ಕುಂಬಳದ ಎಲೆ ಹರಿಯಲು ಕೂತ. ಆದರೆ ಎಲೆಯ ಬೆನ್ನಿನ ನಾರು ಅವನಿಗೆ ಸರಿಯಾಗಿ ಬರಲಿಲ್ಲ. ಅವರ ಮನೆಯಲ್ಲಿ ಅದು ಅಕ್ಕತಂಗಿಯರ ಕೆಲಸವಿತ್ತೇನೋ. ಎಳೆದರೆ ಎಲೆಯೇ ಹರಿದು ಬರುತ್ತಿತ್ತು. ಅತ್ತೆ ನೋಡಿದಳು, ಇನ್ನೂ ಸ್ವಲ್ಪ ನೋಡಿದಳು. ಸೊಪ್ಪು ಹಾಳಾಗುವುದನ್ನು ನೋಡಿಕೊಂಡು ಕೂರುವ ಹೆಂಗಸಲ್ಲ ಅವಳು. ಜೋಳ ಕೇರುವ ಮರ ಬದಿಗಿಟ್ಟು ಬಂದು ಅವನ ಕೈಯಿಂದ ಎಲೆ ಕಿತ್ತುಕೊಂಡು, ದೇಟಿನ ತುದಿ ಮುರಿದು, ಒಂದೇ ಎಳೆತಕ್ಕೆ ನಾರನ್ನೆಲ್ಲ ಸೀರೆಯ ದಾರದಂತೆ ತೆಗೆದು ತೋರಿಸಿದಳು. ಇಡೀ ಹೊರೆ ಅವಳೇ ಮುಗಿಸಿದಳು, ಅವನ ಮುಖ ನೋಡದೆ.

ಕಾಳು ಮೆತ್ತಗಾದ ಮೇಲೆ ವಟಾಣಿ ಮತ್ತು ಬಟಾಟೆ, ಎಲ್ಲದರ ಮೇಲೆ ಕುಂಬಳದ ಎಲೆ ಹೊದಿಸಿ, ತಟ್ಟೆ ಮುಚ್ಚಿ ಬೇಯಿಸಿದ. ನೀರು ಬಸಿದ. ಉಳ್ಳಾಗಡ್ಡಿ ಎಣ್ಣೆಯಲ್ಲಿ ಕೆಂಪಗೆ ಮಾಡಿ ಉಪ್ಪಿನ ಜೊತೆ ಹಾಕಿದ. ಅವ್ವನಿಗೆ ತಡೆದುಕೊಳ್ಳಲಾಗಲಿಲ್ಲ.

"ಸಾಸಿವಿ ಇಲ್ಲ, ಜೀರಗಿ ಇಲ್ಲ, ಅರಿಷಿಣ ಇಲ್ಲ. ಬಾಣಂತಿಗಿ ಸೈತ ಇಷ್ಟ ಸಪ್ಪಗ ಮಾಡೂದಿಲ್ಲವ್ವಾ."

"ಇನ್ನ ಬಾಯಾಗ ಹಾಕೊಂಡಿಲ್ಲ, ಆಗಲೇ ಸಪ್ಪಗ ಅಂತಿ," ಎಂದ ಅಪ್ಪ.

ಈಗ ಮಸೆಯಬೇಕಿತ್ತು. ಕಮಾವು ಎರಡೂ ಕೈಯಲ್ಲಿ ಏನನ್ನೋ ಹಿಡಿದು ಕುಟ್ಟುವಂತೆ ಮಾಡಿ ಸುತ್ತ ನೋಡಿದ. ಅತ್ತೆ ಹಿಂದಿನಿಂದ ಗಿಡ್ಡ ಒನಕೆ ತಂದು ಕೊಟ್ಟಳು. ಅವನು ಅದನ್ನು ತೆಗೆದುಕೊಳ್ಳದೆ ಬೋಗುಣಿಯನ್ನು ಅವಳ ಕಡೆ ಸರಿಸಿದ. ಅವಳು ಕಾಲಲ್ಲಿ ಬೋಗುಣಿ ಒತ್ತಿ ಹಿಡಿದು ಮಸೆಯತೊಡಗಿದಳು. ಹಳದಿ ಕಾಳು, ಬಿಳಿ ಬಟಾಟೆ, ಹಸಿರು ಎಲೆ ಎಲ್ಲ ಒಂದಕ್ಕೊಂದು ಕೂಡಿ ಎಳೆ ಹುಲ್ಲಿನ ಬಣ್ಣದ ಮುದ್ದೆಯಾಯಿತು. ಎಲ್ಲಿ ನಿಲ್ಲಿಸಬೇಕೆಂದು ಅವನು ಹೇಳಲೇ ಇಲ್ಲ. ಕಾಳು ಅರ್ಧ ಒಡೆದು ಅರ್ಧ ಉಳಿದಾಗ ಅವಳೇ ನಿಲ್ಲಿಸಿದಳು, ಅವನು ಚಪ್ಪಾಳೆ ತಟ್ಟಿದ. ಆಮೇಲೆ ಅವಳ ಎದುರಿಗೆ ಕೂತು, ಬೋಗುಣಿಯ ಅಂಚಿನ ಮೇಲೆ ಬೆರಳಿಟ್ಟು, ಮುಖ ಅವಳ ಕಡೆ ಮಾಡಿ, ನಿಧಾನವಾಗಿ ಹೇಳಿದ.

"ಮು. ಕಿ. ಮೊ."

ಅತ್ತೆ ಅವನ ತುಟಿ ನೋಡಿದಳು. ಬೆರಳು ನೋಡಿದಳು. ಎದೆಯ ಮೇಲೆ ಅಂಗೈ ಬಡಿದುಕೊಂಡು ಹುಬ್ಬು ಎತ್ತಿದಳು. ನಾನಲ್ಲವೇ? ಅವನು ಎರಡೂ ಕೈ ಬೀಸಿ ಅಲ್ಲ ಅಂದ, ಮತ್ತೆ ಬೋಗುಣಿ ಮುಟ್ಟಿದ, ಮತ್ತೆ ಅಂದ. ಅವಳು ಎದೆ ಮುಟ್ಟಿಕೊಂಡು ತಲೆ ಅಡ್ಡ ಆಡಿಸಿದಳು, ಬೋಗುಣಿ ಮುಟ್ಟಿ ತಲೆ ಉದ್ದ ಆಡಿಸಿದಳು. ಹೀಗೆ ಎಷ್ಟು ಸಲವೋ. ಕೊನೆಗೆ ತಾನೇ ತುಟಿ ಮುಂದೆ ಮಾಡಿ, ಅಗಲಿಸಿ, ಮತ್ತೆ ಮುಂದೆ ಮಾಡಿ, ಬೋಗುಣಿಯನ್ನು ಎರಡೂ ಕೈಯಲ್ಲಿ ತಟ್ಟಿದಳು. "ಅವ್ವಾ!" ಎಂದು ಅವಳ ಗಂಟಲಿನಿಂದ ಬಂತು. ಅಪ್ಪ ಎದ್ದು ಹೊರಗೆ ಹೋಗಿ ನಿಂತ. ಅವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಅತ್ತೆ ನಮ್ಮೆಲ್ಲರ ಮುಂದೆ ಬೋಗುಣಿ ಹಿಡಿದು ಬಂದಳು. ಅವ್ವನ ಮುಂದೆ ನಿಂತು ಬೋಗುಣಿ ತೋರಿಸಿದಳು, ತನ್ನ ಎದೆ ತೋರಿಸಿ ಅಲ್ಲ ಅಂದಳು. ಈರಣ್ಣನ ಮುಂದೆ ಹಾಗೇ. ಕೊನೆಗೆ ನನ್ನ ಹತ್ತಿರ ಬಂದಳು. ಬೋಗುಣಿ ಕೆಳಗಿಟ್ಟು, ಗದ್ದ ಹಿಡಿದು ನನ್ನ ಮುಖ ಎತ್ತಿ, ಮೊದಲ ತುತ್ತು ನನ್ನ ಬಾಯಿಗೆ ಇಟ್ಟಳು. ಬಾಯಿ ಸುಟ್ಟುಹೋಯಿತು. ಆ ಗಿಡ್ಡ ಒನಕೆ ನಮ್ಮ ಮನೆಯ ಖಾರ ಕುಟ್ಟುವ ಒನಕೆ. ಎಷ್ಟು ತೊಳೆದರೂ ಬ್ಯಾಡಗಿ ಮೆಣಸಿನಕಾಯಿ ಅದರ ಕಟ್ಟಿಗೆಯೊಳಗೇ ಇಳಿದಿತ್ತು. ಕಮಾವು ತುತ್ತು ಬಾಯಿಗೆ ಇಟ್ಟವನು ಎದ್ದು ಬಚ್ಚಲಿಗೆ ಓಡಿದ.

"ಈಗ ಆತು ನೋಡು ಅಡಿಗಿ," ಎಂದಳು ಅವ್ವ, ಎರಡನೆಯ ಸಲ ಬಡಿಸಿಕೊಳ್ಳುತ್ತಾ.

ಖೋಲಿ ಬಿಡಿಸುವ ಮಾತು ಮತ್ತೆ ಬರಲಿಲ್ಲ. ಮುಂದಿನ ವಾರ ನಳದ ಹತ್ತಿರ ಸುಗಲಾಬಾಯಿ ಎಂದಿನಂತೆ ತುಟಿ ಮುಂದೆ ಮಾಡಿ ಕರೆದಾಗ ಅತ್ತೆ ಕೊಡದ ಬಾಯಿ ನೋಡಲಿಲ್ಲ. ಕೊಡ ಅಲ್ಲೇ ಬಿಟ್ಟು ಮನೆಗೆ ಬಂದು, ಹಿತ್ತಾಳೆ ಬೋಗುಣಿ ಹೊತ್ತುಕೊಂಡು ಹೋಗಿ, ಸುಗಲಾಬಾಯಿಯ ಮುಖದೆದುರು ಎತ್ತಿ ಹಿಡಿದು ನಿಂತಳು. ತಗೋ, ನೀನು ಕರೆದದ್ದು ಇದನ್ನು.

"ಅಯ್ಯ ಇದ್ಯಾಕ ತಂದಾಳ ಇಕಿ? ತಲಿ ಕೆಟ್ಟೈತೇನು?"

"ನೀವ ಕರದ್ರೆಲ್ರಿ ಮೌಶಿ," ಎಂದ ಈರಣ್ಣ. "ಮೂಕಿ ಅಂದ್ರ ಬೋಗುಣಿರಿ. ನಮ್ಮತ್ತಿ ಹೆಸರು ನೀಲವ್ವ."

ಎರಡು ತಿಂಗಳು ಅತ್ತೆ ಬಿಡದೆ ಹಾಗೆ ಮಾಡಿದಳು. ಹಾಲಿನವ, ಗಿರಣಿಯವ, ನಾಗಣಸೂರಿನಿಂದ ಬಂದ ಬೀಗರು, ಯಾರೇ ಆ ತುಟಿ ಮಾಡಲಿ, ಬೋಗುಣಿ ಹೊರಗೆ ಬರುತ್ತಿತ್ತು. ಜನ ನಕ್ಕರು, ಆಮೇಲೆ ಮುಜುಗರಪಟ್ಟರು, ಆಮೇಲೆ ಕಲಿತರು. ಅವಳನ್ನು ಕರೆಯಲು ಕೈ ಬೀಸತೊಡಗಿದರು. ಕೆಲವರು ನೀಲವ್ವ ಅಂದರು, ಅದರ ತುಟಿಯನ್ನೂ ಅವಳು ಕಲಿತಳು. ತಿಂಗಳಿಗೊಮ್ಮೆಯಾದರೂ ನಮ್ಮ ಮನೆಯಲ್ಲಿ ಮುಕಿಮೊ ಆಗುತ್ತಿತ್ತು. ಎರಡು ವರ್ಷದ ನಂತರ ಕಮಾವು ಊರಿಗೆ ಹೋದ. ಹೋಗುವಾಗ ಅತ್ತೆಯ ಕಾಲು ಮುಟ್ಟಿದ. ಅವನಿಂದ ಎರಡು ಪತ್ರ ಬಂದವು, ಆಮೇಲೆ ಬರಲಿಲ್ಲ. ಅವನು ಈಗ ಇದ್ದಾನೋ ಇಲ್ಲವೋ ನನಗೆ ತಿಳಿಯದು.

ನನ್ನನ್ನು ಅಕ್ಕಲಕೋಟೆಗೆ ಕೊಟ್ಟರು. ಅಂಗನವಾಡಿಯ ಕೆಲಸ, ಮಕ್ಕಳು, ಗಂಡನ ಕಾಯಿಲೆ, ಎಲ್ಲರಿಗೂ ಇರುವಂಥದ್ದೇ. ಅಪ್ಪ ಹೋದ, ಅವ್ವ ಹೋದಳು. ಅತ್ತೆ ಅದೇ ಮನೆಯಲ್ಲಿ ಈರಣ್ಣನ ಸಂಸಾರದೊಂದಿಗೆ ಇದ್ದಳು. ಗೋಡೆಯಾಚೆಯ ಕಾರಖಾನೆ ಮುಚ್ಚಿ ಮಗ್ಗಗಳು ನಿಂತ ದಿನ ಅವಳು ಗೋಡೆಗೆ ಕೈ ಹಚ್ಚಿ ಬಹಳ ಹೊತ್ತು ನಿಂತಿದ್ದಳಂತೆ, ಈರಣ್ಣನ ಹೆಂಡತಿ ಹೇಳಿದಳು. ಕೊನೆಯ ಮೂರು ವರ್ಷ ಅವಳ ಕಣ್ಣೂ ಮಬ್ಬಾಯಿತು. ಆಪರೇಷನ್ ಮಾಡಿಸಿದರೂ ಹೆಚ್ಚು ಗುಣವಾಗಲಿಲ್ಲ. ಕೈಯ ಹೆಸರುಗಳು ಕಾಣದಾದವು, ತುಟಿಗಳು ಕಾಣದಾದವು. ನಾನು ತಿಂಗಳಿಗೆ ಎರಡು ಸಲ ಬಸ್ಸು ಹತ್ತಿ ಹೋದಾಗ ಅವಳ ಕೈ ಹಿಡಿದು ನನ್ನ ಗದ್ದಕ್ಕೆ ಹಚ್ಚುತ್ತಿದ್ದೆ. ಹಳೆಯ ಗಾಯದ ಗೆರೆ ಸಿಕ್ಕ ಕೂಡಲೇ ಅವಳ ಮುಖ ಬಿಚ್ಚಿಕೊಳ್ಳುತ್ತಿತ್ತು. ಆಮೇಲೆ ಅವಳ ಎರಡು ಬೆರಳು ನನ್ನ ತುಟಿಯ ಮೇಲೆ ಬಂದು ಕೂರುತ್ತಿದ್ದವು, ನಾನು ಹೇಳುವುದನ್ನು ಓದಲು. ಅವಳ ಬೆರಳು ನನ್ನ ತುಟಿಯ ಮೇಲಿದ್ದಾಗ ನಾನು ಉಂಡ್ಯಾ ಅಂದಿದ್ದೇನೆ, ಚಳಿ ಐತೇನು ಅಂದಿದ್ದೇನೆ, ನೀರು ಬೇಕೇನು ಅಂದಿದ್ದೇನೆ. ಅಂದು ಅವ್ವನೆದುರು ಮುಚ್ಚಿಟ್ಟ ಆ ಒಂದು ಮಾತು ಹೇಳುವುದಕ್ಕೆ ಅದಕ್ಕಿಂತ ಹತ್ತಿರದ ಜಾಗ ಇರಲಿಲ್ಲ. ಮುಂದಿನ ಸಲ ಹೇಳೋಣ ಅಂದುಕೊಂಡು ಬಸ್ಸು ಹತ್ತುತ್ತಿದ್ದೆ.

ಈ ಚಳಿಗಾಲ ಅವಳು ಹೋದಳು. ಬೆಳಿಗ್ಗೆ ಚಹಾ ಕುಡಿದು, ಬಸಿ ಕೆಳಗಿಟ್ಟು, ಹಾಗೇ ಗೋಡೆಗೆ ಒರಗಿದಳಂತೆ. ನಾನು ತಲುಪುವ ಹೊತ್ತಿಗೆ ಮನೆಯ ಮುಂದೆ ಜನ ಸೇರಿದ್ದರು.

ಹನ್ನೊಂದನೆಯ ದಿನ ಎಡೆ ಇಡಬೇಕು, ಸತ್ತವರಿಗೆ ಇಷ್ಟವಾದ ಅಡಿಗೆ ಅದರಲ್ಲಿರಬೇಕು. ಅತ್ತೆಗೆ ಏನು ಇಷ್ಟ ಎಂದು ಈರಣ್ಣನ ಹೆಂಡತಿ ಕೇಳಿದಾಗ ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಂಡವಳು ಅವಳು.

"ಹೋಳಿಗಿ ಮಾಡಿಬಿಡೂಣ್ರಿ ವೈನಿ. ಹೋಳಿಗಿ ಎಲ್ಲಾರಿಗೂ ಸೇರತದ," ಎಂದಳು ನನ್ನ ಕಡೆ ತಿರುಗಿ.

"ಹೋಳಿಗಿ ಮಾಡ್ರಿ. ನಾನೊಂದು ಬೋಗುಣಿ ಬ್ಯಾರೆ ಮಾಡ್ತೀನಿ," ಎಂದೆ.

ಸಂತೆಯಲ್ಲಿ ಕುಂಬಳದ ಎಲೆ ಸಿಗಲಿಲ್ಲ. ಕೊನೆಗೆ ಕಂದಲಗಾಂವದಿಂದ ಬರುವ ರಿಕ್ಷಾದವನಿಗೆ ಹೇಳಿ ತರಿಸಿದೆ. ಅವನೂ ದನಕ್ಕೇನ್ರಿ ಎಂದು ಕೇಳಿದ. ಹಿತ್ತಾಳೆ ಬೋಗುಣಿ ಅಟ್ಟದ ಮೇಲಿತ್ತು, ಒಳಗೆ ಹಳೆಯ ಬಲ್ಬುಗಳನ್ನು ತುಂಬಿಟ್ಟಿದ್ದರು. ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಒನಕೆ ಬಚ್ಚಲ ಮೂಲೆಯಲ್ಲಿ ಸಿಕ್ಕಿತು. ಹನ್ನೊಂದನೆಯ ದಿನ ಬೆಳಿಗ್ಗೆ ಕಾಳು ಕುದಿಯಲಿಟ್ಟು ಎಲೆಯ ನಾರು ತೆಗೆಯಲು ಕೂತೆ. ದೇಟಿನ ತುದಿ ಮುರಿದು ಎಳೆದರೆ ಒಂದೇ ಎಳೆತಕ್ಕೆ ಬಂತು. ಆಗ ನನಗೆ ಹೊಳೆಯಿತು. ಮೆಟ್ಟಿಲ ಮೇಲೆ ಕೂತು ನಾನು ಮೂಕಿ ಅಂದ ಸಂಜೆ ಅವಳು ಬಚ್ಚಲ ಹತ್ತಿರ ಪಾತ್ರೆ ತಿಕ್ಕುತ್ತಿದ್ದಳು, ಮುಖ ಈ ಕಡೆಗೇ ಇತ್ತು. ನಳದಿಂದ ಓಣಿಯಾಚೆಯ ತುಟಿ ಓದುವವಳಿಗೆ ಮೆಟ್ಟಿಲೇನು ದೂರವೇ. ಎರಡನೆಯ ಸಲ ಬೇರೆ ನಾನು ಬಿಡಿಸಿ ಬಿಡಿಸಿ ಹೇಳಿದ್ದೆ. ಆ ಬಿಗಿ ಜಡೆ. ಇಲ್ಲ ಎಂದು ನಾನು ಸುಳ್ಳು ಹೇಳುವಾಗ ಬಾಯಿಯ ಮೇಲೆ ನೆಟ್ಟ ಅವಳ ಕಣ್ಣು. ಗದ್ದ ಹಿಡಿದು ಇಟ್ಟ ಮೊದಲ ತುತ್ತು. ಖಾರದ ಒನಕೆ ಯಾವುದೆಂದು ನಮ್ಮ ಮನೆಯಲ್ಲಿ ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ಗೊತ್ತಿದ್ದೇ ಆ ತುತ್ತನ್ನು ನನಗೆ ಮೊದಲು ಇಟ್ಟಳೋ, ಪ್ರೀತಿಯಿಂದ ಇಟ್ಟಳೋ. ಎರಡೂ ಇರಬಹುದು. ಕೇಳಲು ಅವಳಿಲ್ಲ.

ಮಸೆಯುತ್ತಿದ್ದಾಗ ಪಡಸಾಲೆಯಲ್ಲಿ ಮಾತು ಕೇಳಿಸಿತು. ಮಧ್ಯಾಹ್ನ ಜನ ಬರುವವರಿದ್ದರು, ಶ್ರದ್ಧಾಂಜಲಿಯ ಬ್ಯಾನರ್ ಇನ್ನೂ ಆಗಿರಲಿಲ್ಲ. ಈರಣ್ಣನ ಮಗ ಫೋನು ಕಿವಿಗೆ ಹಿಡಿದು ಅಂಗಡಿಯವನನ್ನು ಕಾಯಿಸುತ್ತಿದ್ದ. ಮರಾಠಿ ಸಾಲಿಯಲ್ಲಿ ಓದಿದ ಹುಡುಗ, ನಾನು ಬರೆಯುವ ಈ ಅಕ್ಷರ ಅವನಿಗೆ ಓದಲು ಬರುವುದಿಲ್ಲ.

"ಪಪ್ಪಾ, ಆಜೀದು ಹೆಸರ ಏನ ಹಾಕಲಿ? ಲವಕರ ಹೇಳ್ರಿ, ಆಂವ ಥಾಂಬ್ಲಾಯ್."

ಈರಣ್ಣ ಖುರ್ಚಿಗಳನ್ನು ಎಣಿಸುತ್ತಿದ್ದ. ಎಷ್ಟೋ ವರ್ಷಗಳಿಂದ ಓಣಿಗೆ ಹೊಸ ಜನ ಬಂದಿದ್ದಾರೆ, ಅವರಿಗೆ ಬೋಗುಣಿಯ ಕಥೆ ಗೊತ್ತಿಲ್ಲ. ಹಳೆಯ ಹೆಸರು ತಾನಾಗಿಯೇ ತಿರುಗಿ ಬಂದಿತ್ತು.

"ಮೂಕಿ ಆಜಿ ಅಂತ ಹಾಕು. ಎಲ್ಲಾರಿಗೂ ಗೊತ್ತಾಗ್ತದ."

ನಾನು ಎದ್ದೆ. ಬಟ್ಟೆಯಲ್ಲಿ ಬೋಗುಣಿಯ ಎರಡೂ ಅಂಚು ಹಿಡಿದು ಪಡಸಾಲೆಗೆ ಹೋಗಿ, ತಮ್ಮನ ಮುಖದೆದುರು ಎತ್ತಿ ಹಿಡಿದು ನಿಂತೆ. ಹುಡುಗ ನನ್ನನ್ನೂ ತನ್ನ ಅಪ್ಪನನ್ನೂ ಮಿಕಿಮಿಕಿ ನೋಡಿದ. ಈರಣ್ಣ ಬೋಗುಣಿ ನೋಡಿದ. ಒಳಗಿನ ಹಸಿರು ನೋಡಿದ. ಅವನ ವಯಸ್ಸಾದ ಮುಖ ಎಂಟು ವರ್ಷದ ಹುಡುಗನದ್ದಾಗಿ, ಮೊದಲು ನಕ್ಕಿತು, ಆಮೇಲೆ ಮುರಿಯಿತು. ಮೂಗು ಒರೆಸಿಕೊಂಡ.

"ನೀಲವ್ವ," ಎಂದ ಮಗನಿಗೆ. "ನೀಲವ್ವ ಅಂತ ಹಾಕು. ದೊಡ್ಡ ಅಕ್ಷರದಾಗ ಹಾಕು."

ಎಡೆಯಾಯಿತು, ಜನ ಬಂದರು, ಉಂಡರು. ಮುಕಿಮೊವನ್ನು ಕೆಲವರು ಬೆರಳಿನಿಂದ ಬದಿಗೆ ಸರಿಸಿದರು, ಕೆಲವರು ಎಳ್ಳ ಅಮಾಸಿ ಭಜ್ಜಿ ಎಂದುಕೊಂಡು ಉಂಡರು. ಎಲ್ಲ ಮುಗಿದು ಪಡಸಾಲೆ ಖಾಲಿಯಾದ ಮೇಲೆ ನಾನು ಅವಳ ಫೋಟೋದ ಮುಂದೆ ಕೂತೆ. ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿದ್ದರು, ನೋಡುವ ಕಣ್ಣಿನ ಕಾಲದ್ದು. ಬೋಗುಣಿಯ ತಳದಲ್ಲಿ ಉಳಿದದ್ದನ್ನು ಬಳಿದು ಬಾಯಿಗೆ ಇಟ್ಟೆ. ಸಪ್ಪಗಿತ್ತು. ಇಷ್ಟು ವರ್ಷ ಮೂಲೆಯಲ್ಲಿ ನಿಂತು ಆ ಒನಕೆಯ ಖಾರವೆಲ್ಲ ಹೋಗಿತ್ತು. ಅಡಿಗೆಮನೆಯಲ್ಲಿ ಪಾತ್ರೆಗಳ ಸದ್ದಿತ್ತು, ಯಾರೂ ಈ ಕಡೆ ನೋಡುತ್ತಿರಲಿಲ್ಲ. ನನ್ನ ಎರಡು ಬೆರಳನ್ನು ನನ್ನ ತುಟಿಯ ಮೇಲೆ ಇಟ್ಟುಕೊಂಡೆ. ದನಿ ತೆಗೆಯದೆ, ಅವಳಿಗೆ ತಿಳಿಯುವಂತೆ ಬಿಡಿಸಿ ಬಿಡಿಸಿ, ತುಟಿಯಿಂದಷ್ಟೇ ಹೇಳಿದೆ.

ನಾನ ಹೇಳಿದ್ದೆ, ಅತ್ತಿ. ಅವಗ ನಾನ ಹೇಳಿದ್ದೆ.